ಯಾರಿಗೆ ಮಾರುವುದು, ಎಷ್ಟಕ್ಕೆ ಮಾರುವುದು: ಕನ್ನಡದಲ್ಲಿ ನೋಟ್ಸ್, ಕೋರ್ಸ್ ಮಾರುವವರಿಗೆ ಒಂದು ಹೋಲಿಕೆ

ಕನ್ನಡದಲ್ಲಿ ಕೋರ್ಸ್ ಮಾಡಿಯೋ ನೋಟ್ಸ್ ಬರೆದೋ ಮಾರಲು ಹೊರಟವರು ಮೊದಲು ಕೇಳುವುದು ಬೆಲೆಯನ್ನು. 99 ರೂಪಾಯಿ ಸಾಕೇ, 499 ಹೆಚ್ಚಾಯಿತೇ? ಕೊಳ್ಳುವವರು ಯಾರೆಂದು ತಿಳಿಯದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ನಲವತ್ತು ಪುಟದ ಅದೇ ತಿಳಿವಳಿಕೆ ಒಬ್ಬರಿಗೆ ಐವತ್ತು ರೂಪಾಯಿಗೂ ದುಬಾರಿ ಎನಿಸುತ್ತದೆ. ಇನ್ನೊಬ್ಬರು ಐದು ಸಾವಿರ ಕೊಟ್ಟು, ಉಪಕಾರವಾಯಿತು ಎಂದು ಹೇಳಿ ಹೋಗುತ್ತಾರೆ. ಹಾಗಾಗಿ ಈ ಬರಹದಲ್ಲಿ ಮೊದಲು ಗಿರಾಕಿಗಳನ್ನು ಹೋಲಿಸುತ್ತೇನೆ, ಬೆಲೆಯ ಲೆಕ್ಕ ಆಮೇಲೆ.

ಅದಕ್ಕೂ ಮುಂಚೆ ಒಂದು ಭ್ರಮೆಯನ್ನು ಬದಿಗಿಡಬೇಕು. 2011ರ ಜನಗಣತಿಯ ಪ್ರಕಾರ ಕನ್ನಡ ತಾಯಿನುಡಿಯಾಗಿರುವವರು ಸುಮಾರು 4.37 ಕೋಟಿ. ಈ ಸಂಖ್ಯೆಯನ್ನು ಮುಂದಿಟ್ಟುಕೊಂಡು "ಸಾವಿರಕ್ಕೆ ಒಬ್ಬರು ಕೊಂಡರೂ ನಲವತ್ತು ಸಾವಿರ ಮಂದಿ" ಎಂದು ಲೆಕ್ಕ ಹಾಕುವವರು ಇದ್ದಾರೆ. ಆ ನಾಲ್ಕು ಕೋಟಿಯಲ್ಲಿ ಶಾಲೆಯ ಮಗುವೂ ಇದೆ, ಕಣ್ಣು ಮಂಜಾದ ಅಜ್ಜಿಯೂ ಇದ್ದಾರೆ. ಮಾರುಕಟ್ಟೆ ಎಂದರೆ ಭಾಷೆ ಆಡುವ ಎಲ್ಲರೂ ಅಲ್ಲ. ಈ ತಿಂಗಳು ಒಂದು ತೊಂದರೆಯಲ್ಲಿ ಸಿಕ್ಕಿರುವ, ಅದನ್ನು ನೀಗಿಕೊಳ್ಳಲು ಹಣ ತೆಗೆದಿಟ್ಟಿರುವ ಕೆಲವು ನೂರು ಜನ. ಅಂಥ ನಾಲ್ಕು ಗುಂಪುಗಳನ್ನು ನೋಡೋಣ.

ಪರೀಕ್ಷೆ ಬರೆಯುವವರು: ಜನ ಹೆಚ್ಚು, ಜೇಬು ಸಣ್ಣದು

ಕನ್ನಡದಲ್ಲಿ ಮಾಹಿತಿ ಮಾರುವವರಲ್ಲಿ ಹೆಚ್ಚಿನವರು ಕಾಲಿಡುವುದು ಇಲ್ಲಿಗೇ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದು ಸುತ್ತು ಹೊಡೆದರೆ ಸಾಕು: ಪಿಜಿ, ಓದುವ ಕೊಠಡಿ, ಝೆರಾಕ್ಸ್ ಅಂಗಡಿ, ಕೋಚಿಂಗ್ ಫಲಕ. ಬೇಡಿಕೆಯನ್ನು ಹುಡುಕಬೇಕಾಗಿಯೇ ಇಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆಗಳಿಗೆ, ಗೆಜೆಟೆಡ್ ಪ್ರೊಬೇಷನರಿಯ (ಕೆಎಎಸ್) 384 ಹುದ್ದೆಗಳಿಗೆ ಅರ್ಜಿ ಕರೆದಾಗ ಯಾವ ಜಿಲ್ಲೆಯ ಗ್ರಂಥಾಲಯದಲ್ಲೂ ಕುರ್ಚಿ ಸಿಗುವುದು ಕಷ್ಟವಾಗಿತ್ತು.

ಆದರೆ ಈ ಗಿರಾಕಿಗೆ ಸಂಬಳವಿಲ್ಲ. ಊರಿಂದ ಅಪ್ಪ ಕಳಿಸುವ ದುಡ್ಡಿನಲ್ಲಿ ಮೆಸ್ಸಿನ ಬಿಲ್ಲು, ರೂಮಿನ ಬಾಡಿಗೆ, ಅರ್ಜಿ ಶುಲ್ಕ ಎಲ್ಲ ಕಳೆದು ಉಳಿದದ್ದರಲ್ಲಿ ಅವನು ನಿಮ್ಮ ನೋಟ್ಸ್ ಕೊಳ್ಳಬೇಕು. ಐದು ಜನ ರೂಮಿನವರು ಸೇರಿ ಒಂದು ಪ್ರತಿ ಕೊಳ್ಳುತ್ತಾರೆ, ಅದೇ ರಾತ್ರಿ ಅದು ಟೆಲಿಗ್ರಾಂ ಗುಂಪಿಗೆ ಹೋಗುತ್ತದೆ. ಇದನ್ನು ಕಳ್ಳತನ ಎಂದು ಶಪಿಸಿ ಪ್ರಯೋಜನವಿಲ್ಲ. ಹೆಸರಿನ ವಾಟರ್‌ಮಾರ್ಕ್ ಹಾಕಿದರೆ ಒಂದು ವಾರ ತಡವಾಗುತ್ತದೆ, ಅಷ್ಟೇ. ಪಿಡಿಎಫ್ ನೋಟ್ಸನ್ನೇ ನೆಚ್ಚಿಕೊಂಡು ಇಲ್ಲಿ ಬಾಳುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ನಕಲು ಮಾಡಿ ಪ್ರಯೋಜನವಿಲ್ಲದ್ದನ್ನು ಮಾರಿದರೆ ಮಾತ್ರ ಇಲ್ಲಿ ಬೆಲೆ ನಿಲ್ಲುತ್ತದೆ. ನಿಗದಿತ ದಿನ, ನಿಗದಿತ ಹೊತ್ತಿಗೆ ನಡೆಯುವ ಟೆಸ್ಟ್ ಸೀರೀಸ್ ಅಂಥದ್ದು: ಪ್ರಶ್ನೆಪತ್ರಿಕೆ ಸೋರಿದರೂ ಅಭ್ಯರ್ಥಿಗೆ ಬೇಕಾದದ್ದು ಬೇರೆಯವರ ನಡುವೆ ತನ್ನ ರ‍್ಯಾಂಕ್ ಎಷ್ಟು ಎಂಬುದು. ಇನ್ನೂ ಗಟ್ಟಿಯಾದದ್ದು ಕೆಎಎಸ್ ಮುಖ್ಯ ಪರೀಕ್ಷೆಯ ಉತ್ತರಗಳನ್ನು ತಿದ್ದಿಕೊಡುವುದು. ಅಲ್ಲಿ ಪ್ರಬಂಧ ಮತ್ತು ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ ಸೇರಿ 1250 ಅಂಕ, ಎಲ್ಲವೂ ಬರೆಯುವ ಉತ್ತರ. ಕನ್ನಡ ಮಾಧ್ಯಮದ ಅಭ್ಯರ್ಥಿಯ ಕೈಬರಹದ ಉತ್ತರವನ್ನು ಕೂತು ಓದಿ, ಎಲ್ಲಿ ತಪ್ಪಿತು ಎಂದು ಬರೆದುಕೊಡುವವರು ಬಹಳ ಕಡಿಮೆ. ಟೆಸ್ಟ್ ಸೀರೀಸಿಗೆ 300ರಿಂದ 800 ರೂಪಾಯಿ ಇಟ್ಟರೆ ಜನ ಬರುತ್ತಾರೆ. ತಿದ್ದಿಕೊಡುವ ಕೆಲಸಕ್ಕೆ ನಾಲ್ಕೈದು ಸಾವಿರ ಕೇಳಲು ಹಿಂಜರಿಯಬೇಕಿಲ್ಲ. ಪೂರ್ವಭಾವಿ ದಾಟಿದವರು ಎಷ್ಟೋ ವರ್ಷ ಹಾಕಿಯಾಗಿರುತ್ತದೆ, ಈ ಹಂತದಲ್ಲಿ ಮನೆಯವರೂ ಹಣ ಹೊಂದಿಸುತ್ತಾರೆ.

ಈ ಮಾರುಕಟ್ಟೆಯ ದೊಡ್ಡ ಅಪಾಯ ಕ್ಯಾಲೆಂಡರ್. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟ್‌ನ ಕೆಎಎಸ್ ಪೂರ್ವಭಾವಿಯಲ್ಲಿ ಕನ್ನಡ ಅನುವಾದದ ತಪ್ಪುಗಳು ಗದ್ದಲವೆಬ್ಬಿಸಿ ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ಮಾಡಬೇಕಾಯಿತು. "ಪರೀಕ್ಷೆ ಮುಗಿಯುವವರೆಗೆ" ಎಂದು ವಾಯಿದೆ ಕೊಟ್ಟು ಕೋರ್ಸ್ ಮಾರಿದ್ದರೆ, ಅಂಥ ಸಂದರ್ಭದಲ್ಲಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಯಬೇಕು. ಆರು ತಿಂಗಳು ಎಂದೋ ಹತ್ತು ಟೆಸ್ಟ್ ಎಂದೋ ಬರೆದು ಮಾರುವುದು ಎರಡೂ ಕಡೆಯವರಿಗೆ ಒಳ್ಳೆಯದು.

ಇನ್ನೊಂದು ಮಾತು. ಕೋಚಿಂಗ್ ಜಾಹೀರಾತುಗಳ ಕುರಿತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. "ಆಯ್ಕೆ ಖಚಿತ" ಎಂಬ ಭರವಸೆ, ಆಯ್ಕೆಯಾದವರ ಒಪ್ಪಿಗೆ ಇಲ್ಲದೆ ಅವರ ಫೋಟೊ ಬಳಸುವುದು, ಎರಡಕ್ಕೂ ಅಲ್ಲಿ ತಡೆ ಇದೆ. ಫ್ಲೆಕ್ಸ್ ಬರೆಸುವ ಮುಂಚೆ ಓದಿಕೊಳ್ಳಿ.

ರೈತರು ಮತ್ತು ಹೊಸದಾಗಿ ಜಮೀನು ಕೊಂಡವರು: ಹೊಲ ಒಂದೇ, ಗಿರಾಕಿ ಬೇರೆ

ಕೃಷಿ ತಿಳಿದವರಿಗೆ ತಮ್ಮ ಅನುಭವ ಮಾರಬಹುದು ಎಂಬ ಆಸೆ ಸಹಜ. ಆದರೆ ಯಾರಿಗೆ? ಅಡಿಕೆ ಬೆಳೆಗಾರನಿಗೆ ಕೊಳೆರೋಗದ ಬೋರ್ಡೋ ಮಿಶ್ರಣ ಮಾಡುವುದನ್ನು ಮಾರಲು ಹೋದರೆ ನಗುತ್ತಾನೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಇದು ಅವನ ಅಜ್ಜನಿಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಕೇಳಲು ಕೃಷಿ ವಿಜ್ಞಾನ ಕೇಂದ್ರವಿದೆ, ಶುಲ್ಕವಿಲ್ಲದ ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, ಯೂಟ್ಯೂಬ್ ಅಂತೂ ಇದ್ದೇ ಇದೆ. ಇಲ್ಲಿ ನಿಮ್ಮ ಪ್ರತಿಸ್ಪರ್ಧಿ ಇನ್ನೊಂದು ಕೋರ್ಸ್ ಅಲ್ಲ, ಉಚಿತವಾಗಿ ಸಿಗುವ ಸಲಹೆ.

ಹಾಗೆಂದು ರೈತರು ತಿಳಿವಳಿಕೆಗೆ ಹಣ ಕೊಡುವುದೇ ಇಲ್ಲ ಎನ್ನುವುದು ತಪ್ಪು. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯನ್ನು ನೋಡಿ. ಕೃಷಿಕರೇ ಬರೆದು ಕೃಷಿಕರೇ ಚಂದಾ ಕಟ್ಟಿ ಓದಿದ ಪತ್ರಿಕೆ ಅದು. ಚಂದಾದ ಮೊತ್ತ ಸಣ್ಣದು, ನಂಬಿಕೆ ದೊಡ್ಡದು, ಕಟ್ಟಲು ದಶಕಗಳು ಬೇಕಾದವು. ಒಬ್ಬ ವ್ಯಕ್ತಿ ಒಂದು ಕೋರ್ಸಿನಿಂದ ಅದನ್ನು ಮಾಡಲಾರ. ರೈತರು ಕೈಬಿಚ್ಚಿ ಕೊಡುವುದು ಕಣ್ಣಾರೆ ಕಂಡು, ಕೈಯಾರೆ ಮಾಡಿ ಕಲಿಯುವುದಕ್ಕೆ: ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದನೆಯ ಕೋಲು) ಔಷಧಿ ಹೊಡೆಯುವ, ಅಡಿಕೆ ಗೊನೆ ಕೊಯ್ಯುವ ತರಬೇತಿ, ಕಾಳುಮೆಣಸಿನ ಕಸಿ, ಜೇನು ಪೆಟ್ಟಿಗೆ ನೋಡಿಕೊಳ್ಳುವುದು. ತೋಟದಲ್ಲೇ ಒಂದು ದಿನ, ಮಧ್ಯಾಹ್ನದ ಊಟ ಸೇರಿ 500ರಿಂದ 1000 ರೂಪಾಯಿ ಎಂದರೆ ಬರುತ್ತಾರೆ. ಹೋಗುವಾಗ ಕಸಿ ಗಿಡವೋ ಪೆಟ್ಟಿಗೆಯೋ ಕೊಂಡು ಹೋಗುತ್ತಾರೆ, ನಿಮ್ಮ ಲಾಭ ಇರುವುದೂ ಅಲ್ಲೇ. ವಿಡಿಯೊ ಕೋರ್ಸನ್ನು ಇವರಿಗೆ ಮಾರಲು ಹೋಗಬೇಡಿ. ವಿಡಿಯೊವನ್ನು ಪುಕ್ಕಟೆ ಬಿಟ್ಟು, ತರಬೇತಿಗೆ ದುಡ್ಡು ತೆಗೆದುಕೊಳ್ಳಿ. ಅದೂ ಮುಂಗಾರಿಗೆ ಮುಂಚೆ. ಕೊಯ್ಲಿನ ಹೊತ್ತಿಗೆ ಕರೆದರೆ ಯಾರೂ ಮನೆ ಬಿಟ್ಟು ಬರುವುದಿಲ್ಲ.

ಈಗ ಅದೇ ತಿಳಿವಳಿಕೆಗೆ ಇನ್ನೊಬ್ಬ ಗಿರಾಕಿಯನ್ನು ನೋಡಿ. ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಆ ತಿದ್ದುಪಡಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇರೆ. ಮಾಹಿತಿ ಮಾರುವವರ ಮಟ್ಟಿಗೆ ಅದು ಹೊಸ ಗಿರಾಕಿಯನ್ನು ಸೃಷ್ಟಿಸಿತು. ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಒಂದಷ್ಟು ಉಳಿತಾಯ, ತುಮಕೂರು ಕಡೆಯೋ ಸಕಲೇಶಪುರದ ಕಡೆಯೋ ಎರಡು ಎಕರೆ ಕೊಳ್ಳುವ ಕನಸು. ಇವರಿಗೆ ಪಹಣಿಯಲ್ಲಿ (ಜಮೀನಿನ ಹಕ್ಕು, ಬೆಳೆಯ ದಾಖಲೆ) ಯಾವ ಕಾಲಂ ಏನು ಹೇಳುತ್ತದೆ ಎಂದು ಗೊತ್ತಿಲ್ಲ. ಮ್ಯುಟೇಷನ್ (ಖಾತೆ ಬದಲಾವಣೆ) ಆಗಿದೆಯೇ, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿದೆಯೇ, ಸರ್ವೆ ದಾಖಲೆಯಾದ ಆಕಾರಬಂದಿಗೂ ಪಹಣಿಗೂ ವಿಸ್ತೀರ್ಣ ತಾಳೆಯಾಗುತ್ತದೆಯೇ, ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಮಾಡಿಸುವುದು ಹೇಗೆ, ಹಳ್ಳದ ಖರಾಬು (ಸಾಗುವಳಿಗೆ ಬಾರದ ಜಾಗ) ಯಾರದ್ದು, ದಾರಿಯ ಹಕ್ಕು ಕಾಗದದಲ್ಲಿದೆಯೋ ಬಾಯಿಮಾತಿನದೋ, ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದು ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಸಿಕ್ಕಿಬೀಳುತ್ತದೆಯೇ? ಒಂದು ಪ್ರಶ್ನೆ ಬಿಟ್ಟುಹೋದರೂ ಹೋಗುವುದು ಲಕ್ಷಗಳಲ್ಲಿ.

ಹಳ್ಳಿಯಲ್ಲಿ ಈ ವಿಷಯಗಳು ಕಟ್ಟೆಯ ಮೇಲಿನ ಮಾತು. ಐವತ್ತು ರೂಪಾಯಿಯ ಕಿರುಹೊತ್ತಿಗೆ ಮಾಡಿದರೂ ಅಲ್ಲಿ ಕೊಳ್ಳುವವರು ಸಿಗುವುದಿಲ್ಲ. ಜಮೀನಿಗೆ ಮುಂಗಡ ಕೊಡಲು ಇನ್ನು ಹದಿನೈದು ದಿನ ಇರುವವರಿಗೆ ಅದೇ ಮಾಹಿತಿ, ಕ್ರಮವಾಗಿ ಜೋಡಿಸಿದ ತಪಾಸಣೆ ಪಟ್ಟಿಯಾಗಿ, ಮಾದರಿ ಪಹಣಿ ಮತ್ತು ಸರ್ವೆ ನಕ್ಷೆಯ ವಿವರಣೆಯೊಂದಿಗೆ 999 ರೂಪಾಯಿಗೆ ಅಗ್ಗವೇ. ಅವರ ಕಾಗದಗಳನ್ನು ಮುಂದಿಟ್ಟುಕೊಂಡು ಒಂದು ಗಂಟೆ ಮಾತನಾಡುವುದನ್ನೂ ಸೇರಿಸಿ 4,999 ಕೇಳಬಹುದು. ಇಲ್ಲಿ ಒಂದು ಗೆರೆ ದಾಟಬೇಡಿ: ಹಕ್ಕು ಶುದ್ಧವಾಗಿದೆ ಎಂದು ಅಭಿಪ್ರಾಯ ಕೊಡುವುದು ವಕೀಲರ ಕೆಲಸ. ಯಾವ ಕಾಗದ ತರಿಸಬೇಕು, ಅದರಲ್ಲಿ ಏನು ನೋಡಬೇಕು, ವಕೀಲರನ್ನು ಏನು ಕೇಳಬೇಕು ಎಂಬಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ನಾಲ್ಕು ಗುಂಪುಗಳಲ್ಲಿ ನನ್ನ ಒಲವು ಈ ಗಿರಾಕಿಯ ಕಡೆಗೇ. ಜನ ಕಡಿಮೆ, ಆದರೆ ಅವಸರವಿದೆ, ಹಣವಿದೆ, ಭಯವೂ ಇದೆ. ಒಂದೇ ಕೊರತೆ ಎಂದರೆ, ಇವರಲ್ಲಿ ಅರ್ಧದಷ್ಟು ಮಂದಿಗೆ ಕನ್ನಡ ಓದುವುದು ನಿಧಾನ. ಪಟ್ಟಿ ಕನ್ನಡದಲ್ಲಿದ್ದರೂ ಮಾತುಕತೆ ಯಾವ ಭಾಷೆಯಲ್ಲಾದರೂ ಆಗಲಿ ಎಂದು ಸಿದ್ಧವಾಗಿರಬೇಕು.

ಅಂಗಡಿ ಇಟ್ಟವರು: ಓದುವುದಿಲ್ಲ, ಕೇಳುತ್ತಾರೆ

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ ಕಲಿಸುವವರಿಗೆ ಪ್ರತಿ ತಾಲ್ಲೂಕಿನಲ್ಲೂ ಕೈತುಂಬ ಕೆಲಸ. ಅಂಥದ್ದೇ ಇನ್ನೊಂದು ಅಲೆ ಎದ್ದದ್ದು 2025ರ ಜುಲೈಯಲ್ಲಿ. ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ "ನಗದು ಮಾತ್ರ" ಎಂಬ ಚೀಟಿ ನೇತಾಡಿತು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆಯೇ ಇಲ್ಲದ ತರಕಾರಿಯನ್ನಷ್ಟೇ ಮಾರಿದರೆ ಬೇಡ. ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ವ್ಯಾಪಾರಿಗೆ ವಹಿವಾಟಿನ ಮೇಲೆ 1%. ಈ ಮೂರು ವಾಕ್ಯ ಗೊತ್ತಿಲ್ಲದೆ ನಿದ್ದೆಗೆಟ್ಟವರು ಎಷ್ಟೋ ಮಂದಿ.

ಈ ಗಿರಾಕಿ ಬೆಳಿಗ್ಗೆ ಆರಕ್ಕೆ ಅಂಗಡಿ ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುತ್ತಾರೆ. ಇ-ಪುಸ್ತಕ ಓದುವುದಿಲ್ಲ, ಎಂಟು ಗಂಟೆಯ ವಿಡಿಯೊ ನೋಡುವುದಿಲ್ಲ. ಎರಡು ಗಂಟೆಯ ಸಭೆ, ಅವರ ಸಂಘದ ಕಟ್ಟಡದಲ್ಲೇ, ಅಂಗಡಿ ಮುಚ್ಚುವ ವಾರದ ದಿನ, ಕೈಗೆ ಒಂದು ಹಾಳೆ ಮತ್ತು ದಿನದ ಲೆಕ್ಕ ಬರೆಯುವ ಪುಸ್ತಕ. ತಲೆಗೆ 1,500 ಎಂದರೆ ಚೌಕಾಸಿ ಮಾಡಿ 1,200ಕ್ಕೆ ನಿಲ್ಲುತ್ತಾರೆ. ಚೌಕಾಸಿಗೆ ಜಾಗ ಇಟ್ಟೇ ಬೆಲೆ ಹೇಳಿ, ಇಲ್ಲದಿದ್ದರೆ ಅವರಿಗೂ ಸಮಾಧಾನವಿಲ್ಲ. ವರ್ಷಕ್ಕೊಮ್ಮೆ ನಿಯಮ ಬದಲಾಗುವ ವಿಷಯವಾದ್ದರಿಂದ ವಾರ್ಷಿಕ ಚಂದಾ ಇಟ್ಟರೆ ಮತ್ತೆ ಮತ್ತೆ ಮಾರುವ ಶ್ರಮ ತಪ್ಪುತ್ತದೆ. ಆದರೆ ನೋಟಿಸಿನ ಭಯ ಇಳಿದ ಮೇಲೆ ಬೇಡಿಕೆಯೂ ಇಳಿಯುತ್ತದೆ. ಅಲೆಯ ಮೇಲೆ ಬೆಲೆ ಕಟ್ಟಿದವರು ಅಲೆ ಇಳಿದಾಗ ಏನು ಮಾರುತ್ತೇವೆ ಎಂದು ಮೊದಲೇ ಯೋಚಿಸಿರಬೇಕು.

ಕನ್ನಡ ಕಲಿಯುವವರು: ಒಳನಾಡು, ಹೊರದೇಶ

ವಿದೇಶದ ಕನ್ನಡಿಗರು ಎಂದೊಡನೆ ಡಾಲರ್ ಕಣ್ಣಿಗೆ ಕಾಣುತ್ತದೆ. ಅಮೆರಿಕದಲ್ಲಿರುವ ಪೋಷಕರು ಮಗುವಿನ ಗುಂಪು ಪಾಠಕ್ಕೆ ಗಂಟೆಗೆ 10ರಿಂದ 15 ಡಾಲರ್ ಕೊಡುವುದು ಅಲ್ಲಿನ ಸಂಗೀತ, ನೃತ್ಯ ಪಾಠಗಳ ಮುಂದೆ ದೊಡ್ಡ ಮಾತಲ್ಲ. ತೊಡಕು ಬೇರೆ ಕಡೆ ಇದೆ. ಊರೂರಿನ ಕನ್ನಡ ಕೂಟಗಳು ಸ್ವಯಂಸೇವಕರಿಂದಲೇ ಕನ್ನಡ ಶಾಲೆ ನಡೆಸುತ್ತವೆ. ದುಬೈಯ ಕನ್ನಡ ಪಾಠಶಾಲೆಯೂ ಅಂಥದ್ದೇ. ಅವರು ಪ್ರೀತಿಯಿಂದ ಮಾಡುವ ಕೆಲಸದ ಎದುರು ಹಣ ಕೇಳಬೇಕಾದರೆ, ಅವರಿಂದ ಆಗದ್ದನ್ನು ಕೊಡಬೇಕು: ವಾರಕ್ಕೆ ಎರಡು ಬಾರಿ, ನಾಲ್ಕೇ ಮಕ್ಕಳ ಗುಂಪು, ತಿಂಗಳಿಗೊಮ್ಮೆ ಅಜ್ಜ ಅಜ್ಜಿಯ ಜೊತೆ ಫೋನಿನಲ್ಲಿ ಮಾತನಾಡಿಸುವ ಅಭ್ಯಾಸ. ಹೊತ್ತಿನ ಲೆಕ್ಕವನ್ನೂ ಹಾಕಿ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಬೆಳಗಿನ ಒಂಬತ್ತೂವರೆ ನಮಗೆ ಸಂಜೆ ಏಳು. ಕ್ಯಾಲಿಫೋರ್ನಿಯದ ಒಂಬತ್ತೂವರೆ ನಮಗೆ ರಾತ್ರಿ ಹತ್ತು. ಎರಡನ್ನೂ ಒಂದೇ ಶನಿವಾರ ಹಿಡಿದರೆ ನಿಮ್ಮ ವಾರಾಂತ್ಯ ಹೋಯಿತು.

ಬೆಂಗಳೂರಿಗೆ ಕೆಲಸಕ್ಕೆ ಬಂದು ಮಾತನಾಡುವಷ್ಟು ಕನ್ನಡ ಬೇಕೆನ್ನುವವರು ಇದಕ್ಕಿಂತ ಸುಲಭದ ಗಿರಾಕಿ. ಸಮಯದ ತೊಡಕಿಲ್ಲ, ಸಂಬಳವಿದೆ, ಕಲಿತದ್ದನ್ನು ನಾಳೆಯೇ ಆಟೊದಲ್ಲಿ ಬಳಸಬಹುದು. ಅಕ್ಷರಮಾಲೆಯಿಂದ ಶುರುಮಾಡಿದರೆ ಎರಡನೇ ವಾರಕ್ಕೆ ಅರ್ಧ ಜನ ಇರುವುದಿಲ್ಲ. ಮನೆ ಮಾಲೀಕರೊಡನೆ, ತರಕಾರಿ ಗಾಡಿಯ ಮುಂದೆ, ಆಸ್ಪತ್ರೆಯಲ್ಲಿ ಆಡುವ ಮಾತುಗಳನ್ನೇ ಪಾಠವಾಗಿಸಿ, ಆರು ವಾರದ ಬ್ಯಾಚಿಗೆ ಎರಡೂವರೆಯಿಂದ ನಾಲ್ಕು ಸಾವಿರ ಇಡಬಹುದು. ಕಂಪನಿಯೇ ಸಿಬ್ಬಂದಿಗೆ ಕಟ್ಟುವುದಾದರೆ ತಲೆಗೆ ಇಷ್ಟು ಎನ್ನದೆ ಬ್ಯಾಚಿಗೆ ಇಷ್ಟು ಎಂದು ಒಟ್ಟು ಮೊತ್ತ ಹೇಳಿ. ಹಾಜರಿ ಕಡಿಮೆಯಾದರೂ ನಿಮ್ಮ ದುಡಿಮೆಗೆ ಪೆಟ್ಟು ಬೀಳುವುದಿಲ್ಲ.

ಇನ್ನು ಬೆಲೆಯ ಲೆಕ್ಕ

ತಿಂಗಳಿಗೆ 30,000 ರೂಪಾಯಿ ಕೈಗೆ ಬರಬೇಕು ಎಂದುಕೊಳ್ಳೋಣ. ಆನ್‌ಲೈನ್‌ನಲ್ಲಿ ಗಿರಾಕಿಯ ಹಣವನ್ನು ನಿಮಗೆ ತಲುಪಿಸುವ ಪಾವತಿ ಗೇಟ್‌ವೇಗಳು ಸಾಮಾನ್ಯವಾಗಿ 2% ಶುಲ್ಕ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಹಿಡಿಯುತ್ತವೆ, ಅಂದರೆ ಒಟ್ಟು 2.36%. ನೀವು ಮಾರುವುದನ್ನು ನೋಡಿದ ನೂರು ಜನರಲ್ಲಿ ಇಬ್ಬರು ಕೊಳ್ಳುತ್ತಾರೆ ಎಂಬುದು ಬರೀ ಊಹೆ, ಲೆಕ್ಕದ ಅನುಕೂಲಕ್ಕೆ.

| ಬೆಲೆ | ನಿಮಗೆ ಉಳಿಯುವುದು | ತಿಂಗಳಿಗೆ ಬೇಕಾದ ಗಿರಾಕಿಗಳು | ನೋಡಬೇಕಾದ ಜನ |
|---|---|---|---|
| ₹99 | ಸುಮಾರು ₹97 | 311 | 15,550 |
| ₹999 | ಸುಮಾರು ₹975 | 31 | 1,550 |
| ₹4,999 | ಸುಮಾರು ₹4,881 | 7 | 350 |

ಪ್ರತಿ ತಿಂಗಳೂ ಹದಿನೈದು ಸಾವಿರ ಹೊಸಬರ ಕಣ್ಣಿಗೆ ಬೀಳುವುದು ಪರೀಕ್ಷೆಯ ಮಾರುಕಟ್ಟೆ ಬಿಟ್ಟು ಕನ್ನಡದಲ್ಲಿ ಬೇರೆಲ್ಲೂ ಸುಲಭವಲ್ಲ. ಜಾಹೀರಾತು ಕೊಟ್ಟು ತರುವುದಾದರೆ, ಒಬ್ಬ ಗಿರಾಕಿಯನ್ನು ತರುವ ಖರ್ಚು 99 ರೂಪಾಯಿಯನ್ನು ನುಂಗಿ ಇನ್ನೂ ಬಾಕಿ ಉಳಿಸುತ್ತದೆ. ಜೊತೆಗೆ 311 ಜನ ಎಂದರೆ "ಲಿಂಕ್ ತೆರೆಯುತ್ತಿಲ್ಲ ಸರ್" ಎಂಬ 311 ಕರೆಗಳ ಸಾಧ್ಯತೆ. ಕಡಿಮೆ ಬೆಲೆಯ ಗಿರಾಕಿಗೆ ಸಮಯ ಕಡಿಮೆ ಸಾಕು ಎಂದು ಯಾರೂ ಎಣಿಸದಿರಲಿ.

ಹಾಗಾದರೆ 99ರ ಬೆಲೆಗೆ ಜಾಗವೇ ಇಲ್ಲವೇ? ಇದೆ. ಅಪರಿಚಿತನು ಮೊದಲ ಬಾರಿ ನಿಮಗೆ ದುಡ್ಡು ಕಳಿಸಿ ನೋಡುವ ಬಾಗಿಲು ಅದು. ಜಮೀನಿನ ಉದಾಹರಣೆಯಲ್ಲಿ "ಪಹಣಿ ಓದುವುದು ಹೇಗೆ" ಎಂಬ ಹತ್ತು ಪುಟ 99 ರೂಪಾಯಿಗೆ ಇರಲಿ. ಅದನ್ನು ಕೊಂಡವರಿಗೆ ಮಾತ್ರ 4,999ರ ಸಲಹೆಯ ಬಗ್ಗೆ ಹೇಳಿ. 99ರಿಂದ ಹೊಟ್ಟೆ ತುಂಬುವುದಿಲ್ಲ, ನಿಜವಾಗಿ ಹಣ ಕೊಡುವವರು ಯಾರೆಂದು ಗೊತ್ತಾಗುತ್ತದೆ.

ಎಲ್ಲಿ ಮಾರುತ್ತೀರಿ ಎಂಬುದೂ ಬೆಲೆಯ ಭಾಗವೇ. ಉಡೆಮಿ ಎಂಬ ಕೋರ್ಸ್ ಮಾರುವ ತಾಣದಲ್ಲಿ ನಿಮ್ಮದೇ ಕೂಪನ್‌ನಿಂದ ಬಂದ ಗಿರಾಕಿಯ ಹಣದಲ್ಲಿ 97% ನಿಮಗೆ, ಅವರೇ ತಂದ ಗಿರಾಕಿಯಾದರೆ 37%. ರಿಯಾಯಿತಿಯ ದಿನಗಳಲ್ಲಿ ಅಲ್ಲಿ ದೊಡ್ಡ ದೊಡ್ಡ ಕೋರ್ಸ್‌ಗಳೇ ನಾಲ್ಕೈದು ನೂರಕ್ಕೆ ಹೋಗುತ್ತವೆ. 37% ಎಂದರೆ ಕೈಗೆ ಬರುವುದು ಇನ್ನೂರರ ಒಳಗೆ. ಸ್ವಂತ ಆ್ಯಪ್ ಮಾಡಿ ಗೂಗಲ್ ಪ್ಲೇಯಲ್ಲಿ ಮಾರಿದರೆ ವರ್ಷದ ಮೊದಲ ಹತ್ತು ಲಕ್ಷ ಡಾಲರ್‌ವರೆಗಿನ ಗಳಿಕೆಯ ಮೇಲೆ 15% ಅವರಿಗೆ. ನೇರ ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಯ ಶುಲ್ಕವಿಲ್ಲ, ಆದರೆ ಯಾರು ಕಟ್ಟಿದರು ಎಂದು ಸ್ಕ್ರೀನ್‌ಶಾಟ್ ನೋಡಿ ಲಿಂಕ್ ಕಳಿಸುತ್ತ ಕೂರಬೇಕು. ತಿಂಗಳಿಗೆ ಮೂವತ್ತು ಜನರವರೆಗೆ ಇದು ಸಾಧ್ಯ, ಮುನ್ನೂರಾದರೆ ಹುಚ್ಚು ಹಿಡಿಯುತ್ತದೆ. ವಿದೇಶದಿಂದ ಹಣ ತರಲು ಪೇಪಾಲ್ ನಡೆಯುತ್ತದೆ, ದೇಶದೊಳಗಿನ ಪಾವತಿಯನ್ನು ಅದು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಅಮೆಜಾನಿನ ಇ-ಪುಸ್ತಕ ವೇದಿಕೆಯಾದ ಕಿಂಡಲ್ 2016ರ ಕೊನೆಯಲ್ಲಿ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಅದರಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕ ಮಾರುವವರು ಬಹುಮಟ್ಟಿಗೆ ತಮ್ಮ ದಾರಿಯನ್ನು ತಾವೇ ಮಾಡಿಕೊಂಡದ್ದಕ್ಕೆ ಅದೂ ಒಂದು ಕಾರಣ.

ತೆರಿಗೆಯ ವಿಷಯ ಚಿಕ್ಕದಾಗಿ. ಕೋರ್ಸ್ ಮಾರುವುದು ಸೇವೆ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ತಲೆನೋವಿಲ್ಲ. ದಾಟಿದ ದಿನದಿಂದ 18%. ಆಗ 999ರಲ್ಲಿ ಸುಮಾರು 152 ರೂಪಾಯಿ ಸರ್ಕಾರಕ್ಕೆ ಹೋಗಿ ನಿಮಗೆ 847 ಉಳಿಯುತ್ತದೆ. ಅಭ್ಯರ್ಥಿಗೂ ಪೋಷಕರಿಗೂ ಆ 18% ಪೂರ್ತಿ ಹೊರೆ. ನೋಂದಾಯಿತ ವ್ಯಾಪಾರಿಗೆ ಹಾಗಲ್ಲ, ರಾಜಿ ಪದ್ಧತಿಯಲ್ಲಿ ಇಲ್ಲದಿದ್ದರೆ ಅವರು ಅದನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಕ್ರೆಡಿಟ್) ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಬಹುದು. ಬೆಲೆ ಏರಿಸುವಾಗ ಈ ವ್ಯತ್ಯಾಸ ನೆನಪಿರಲಿ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಚ್ಚಿನ ರೂಪವೂ ಇರುವ ಇ-ಪುಸ್ತಕಕ್ಕೆ 2018ರ ಜುಲೈಯಲ್ಲಿ ದರವನ್ನು 18ರಿಂದ 5%ಗೆ ಇಳಿಸಲಾಯಿತು. ಹಾಗಾಗಿ ದೊಡ್ಡದಾಗಿ ಮಾರುವವರು ಇನ್ನೂರು ಪ್ರತಿಯಾದರೂ ಅಚ್ಚು ಹಾಕಿಸುವುದು ಅರ್ಥವಿಲ್ಲದ ಕೆಲಸವಲ್ಲ.

ಪುಸ್ತಕವಾಗಿ ಮಾರುವುದಕ್ಕೆ ಒಂದು ಮಿತಿಯೂ ಇದೆ. ಕನ್ನಡ ಓದುಗರಿಗೆ ಇನ್ನೂರು ಪುಟದ ಪುಸ್ತಕ ಎಂದರೆ ಇನ್ನೂರರ ಆಸುಪಾಸಿನ ಬೆಲೆ ಎಂಬುದು ಮನಸ್ಸಿನಲ್ಲಿ ಕೂತಿದೆ. ಒಳಗೆ ಏನೇ ಇರಲಿ, ಎಂಟುನೂರು ಕೇಳಿದರೆ ಹುಬ್ಬೇರುತ್ತದೆ. ಅದೇ ವಿಷಯ ಎರಡು ಭಾನುವಾರದ ಕಾರ್ಯಾಗಾರವಾಗಿ, ಅಚ್ಚಿನ ಟಿಪ್ಪಣಿ ಸೇರಿ ಎರಡು ಸಾವಿರ ಎಂದರೆ ಯಾರೂ ಪುಟ ಎಣಿಸುವುದಿಲ್ಲ.

ಮಾಡುವ ಮುಂಚೆ ಪರೀಕ್ಷಿಸುವುದು

ಆರು ತಿಂಗಳು ಕೂತು ನಲವತ್ತು ವಿಡಿಯೊ ಮಾಡಿ ಆಮೇಲೆ ಗಿರಾಕಿ ಹುಡುಕುವುದು ನಮ್ಮಲ್ಲಿ ಬಹಳ ಕಾಣುವ ಕ್ರಮ. ಉಲ್ಟಾ ಮಾಡಿ. ಎರಡು ಗುಂಪುಗಳ ನಡುವೆ ಗೊಂದಲವಿದ್ದರೆ ಎರಡಕ್ಕೂ ಒಂದೊಂದು ಪುಟದ ವಿವರ ಬರೆದು, ದಿನಾಂಕ ಮತ್ತು ಬೆಲೆ ಹಾಕಿ, ಆಯಾ ಜನ ಇರುವ ವಾಟ್ಸ್‌ಆ್ಯಪ್ ಗುಂಪುಗಳಿಗೆ, ಸಂಘಗಳಿಗೆ ಕಳಿಸಿ. ಮೊದಲ ಬ್ಯಾಚನ್ನು ನೇರ ತರಗತಿಯಾಗಿಯೇ ಮಾಡುವುದಾಗಿ ಹೇಳಿ ಮುಂಗಡ ತೆಗೆದುಕೊಳ್ಳಿ. ಹತ್ತು ಜನ ಬಾರದಿದ್ದರೆ ಪೂರ್ತಿ ಹಣ ಮೂರು ದಿನದಲ್ಲಿ ವಾಪಸ್ ಎಂದು ಬರೆದುಕೊಡಿ, ಹಾಗೆಯೇ ವಾಪಸ್ ಮಾಡಿ. "ಬಹಳ ಒಳ್ಳೆಯ ಪ್ರಯತ್ನ ಸರ್, ಮಾಡಿ" ಎಂಬ ಹೊಗಳಿಕೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಮುಂಗಡ ಕಳಿಸಿದವರನ್ನು ಮಾತ್ರ ಎಣಿಸಿ.

ಬಂದ ಪ್ರತಿಕ್ರಿಯೆಯಿಂದ ಬದಲಾಯಿಸಬೇಕಾದದ್ದು ಬೆಲೆಯೋ ಗಿರಾಕಿಯೋ ಎಂಬುದು ಸಾಕಷ್ಟು ತಿಳಿಯುತ್ತದೆ. ಯಾರೂ ಏನನ್ನೂ ಕೇಳಲಿಲ್ಲ ಎಂದರೆ ಬೆಲೆ ಇಳಿಸಿ ಪ್ರಯೋಜನವಿಲ್ಲ, ಜನರೇ ಬೇರೆ ಬೇಕು. ಬಹಳ ಜನ ವಿವರ ಕೇಳಿ, ಬೆಲೆ ಕೇಳಿದ ಮೇಲೆ ಸುಮ್ಮನಾದರು ಎಂದರೆ ನಿಮ್ಮ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ಬೆಲೆಯನ್ನು ಹಾಗೆಯೇ ಇಟ್ಟು ಒಂದು ಗಂಟೆ ಉಚಿತವಾಗಿ ಕಲಿಸಿ ನೋಡಿ, ಅದಕ್ಕೂ ಜಗ್ಗದಿದ್ದರೆ ಬೆಲೆ ಇಳಿಸಿ. ಬೆಲೆ ಹೇಳಿದೊಡನೆ ಎಲ್ಲರೂ ಮರುಮಾತಿಲ್ಲದೆ ಕಟ್ಟಿದರೆ ಮುಂದಿನ ಬ್ಯಾಚಿಗೆ ಮೂರನೇ ಒಂದು ಭಾಗ ಏರಿಸಿ. ಹಳೆಯ ಬ್ಯಾಚಿನವರಿಗೆ ಕೊಟ್ಟ ಬೆಲೆಯನ್ನು ಮಾತ್ರ ಯಾವ ಕಾರಣಕ್ಕೂ ಆಮೇಲೆ ಇಳಿಸಿ ಮಾರಬೇಡಿ. ಎರಡು ಸಾವಿರ ಕೊಟ್ಟವರು ಅದೇ ಕೋರ್ಸ್ ದೀಪಾವಳಿಗೆ ಐನೂರಕ್ಕೆ ಹೋಗುವುದನ್ನು ಕಂಡರೆ ಮತ್ತೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.